ನಿಲ್ಲಲಾಗದ ಮಗುವಿನ ಎಲುಬು ಕಾಪಾಡುವುದು ಹೇಗೆ

ನಮ್ಮ ಅಕ್ಕನ ಮಗನಿಗೆ 13 ವರ್ಷ, ಸೆರೆಬ್ರಲ್ ಪಾಲ್ಸಿ, ಅಂದರೆ ಚಿಕ್ಕಂದಿನಲ್ಲೇ ಮೆದುಳಿಗೆ ತೊಂದರೆಯಾಗಿ ಕೈಕಾಲು ಹಿಡಿತಕ್ಕೆ ಬರುವುದಿಲ್ಲ. ನಿಲ್ಲಲು ಆಗುವುದಿಲ್ಲ, ಮಾತಿಲ್ಲ, ಬೆನ್ನು ಸೊಟ್ಟಗಾಗಿದೆ. ಹೋದ ವರ್ಷ ಸಿಂಧನೂರಿನ ಮನೆಯಲ್ಲಿ ಚಡ್ಡಿ ಹಾಕುವಾಗ ಅವನ ತೊಡೆ ಎಲುಬು ಮೊಣಕಾಲಿನ ಸ್ವಲ್ಪ ಮೇಲೆ ಮುರಿಯಿತು. ಬಿದ್ದಿರಲಿಲ್ಲ. ಎರಡು ದಿನ ಅತ್ತ, ನಾವು ಹೊಟ್ಟೆನೋವು ಅಂತ ಅಜವಾನದ ನೀರು ಕುಡಿಸಿದೆವು. ಆ ಎರಡು ದಿನ ನಿಮ್ಮ ಮನೆಗೆ ಬರಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಭಾರ ಬಿದ್ದರೇ ಎಲುಬು ಗಟ್ಟಿಯಾಗುವುದು. ನಿಲ್ಲದ ಕಾಲಿಗೆ ಭಾರ ಎಲ್ಲಿಂದ ಬರಬೇಕು? ಜೊತೆಗೆ ಫಿಟ್ಸ್‌ಗೆ ಕೊಡುವ ಫೆನಿಟೋಯಿನ್, ಫಿನೋಬಾರ್ಬಿಟೋನ್‌ನಂಥ ಮಾತ್ರೆಗಳು ಮೈಯಲ್ಲಿ ವಿಟಮಿನ್ ಡಿ ಕಡಿಮೆ ಮಾಡುತ್ತವೆ. ಹಾಗಂತ ಮಾತ್ರೆ ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರ್ ಹತ್ತಿರ ಕೇಳಿ.

ಬಟ್ಟೆ ಹಾಕುವಾಗ ಪಾದ ಹಿಡಿದು ಎಳೆಯಬೇಡಿ. ಒಂದು ಕೈ ತೊಡೆಯ ಕೆಳಗೆ, ಇನ್ನೊಂದು ಮೊಣಕಾಲಿನ ಕೆಳಗೆ ಇಟ್ಟು ಕಾಲನ್ನು ಇಡಿಯಾಗಿ ಎತ್ತಿ, ಚಡ್ಡಿಯನ್ನೇ ಕಾಲಿನ ಹತ್ತಿರ ತನ್ನಿ. ಬಿಗಿಯಾಗಿ ಮಡಚಿದ ಕಾಲನ್ನು ಜೋರು ಮಾಡಿ ಬಿಡಿಸಬೇಡಿ. ಅಕ್ಕ ಈಗ ಚಡ್ಡಿಯ ಎರಡೂ ಪಕ್ಕ ಬಿಚ್ಚಿ ಲಾಡಿ ಹಚ್ಚಿದ್ದಾಳೆ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಎತ್ತುವಾಗ ಇಬ್ಬರು ಇರಲಿ. ಕಾರಣವಿಲ್ಲದೆ ಅತ್ತರೆ, ಅಥವಾ ಒಂದು ಕಾಲು ಊದಿ ಬಿಸಿಯಾದರೆ ಅವತ್ತೇ ಎಕ್ಸ್‌ರೇ ತೆಗೆಸಿ.

ಊಟದ ವಿಷಯ. ನಮ್ಮ ಜೋಳದ ರೊಟ್ಟಿಯಲ್ಲಿ ಕ್ಯಾಲ್ಸಿಯಂ ಬಹಳ ಕಡಿಮೆ, 100 ಗ್ರಾಂ ಜೋಳಕ್ಕೆ 30 ಮಿಲಿಗ್ರಾಂ ಕೂಡ ಇಲ್ಲ. ಅಷ್ಟೇ ರಾಗಿಯಲ್ಲಿ ಸುಮಾರು 350 ಇದೆ. ಅಗಿಯಲು ಬಾರದ ಮಗುವಿಗೆ ಗಟ್ಟಿ ರಾಗಿ ಅಂಬಲಿ, ಮೊಸರು, ನುಣ್ಣಗೆ ಅರೆದ ನುಗ್ಗೆಸೊಪ್ಪಿನ ಪಲ್ಯ, ಎಳ್ಳಿನ ಪುಡಿ ಕಲಸಿ ಕೊಡಿ, ಕೂರಿಸಿಯೇ ಉಣಿಸಿ.

ಬಿಸಿಲಿನ ಊರಲ್ಲಿ ವಿಟಮಿನ್ ಡಿ ಕೊರತೆ ಹೇಗೆ ಅಂತ ನನಗೂ ಅನಿಸಿತ್ತು. ಮಗು ದಿನವಿಡೀ ಒಳಗೇ ಮಲಗಿರುತ್ತದೆ ಅಲ್ವಾ? ಮುಂಜಾನೆಯ ಎಳೆಬಿಸಿಲಿನಲ್ಲಿ ಅದು ಹೆಚ್ಚು ಹುಟ್ಟುವುದಿಲ್ಲ, ಮಧ್ಯಾಹ್ನ ರಾಯಚೂರಿನ ಬಿಸಿಲಿಗೆ ಕೂರಿಸಲು ಆಗುವುದಿಲ್ಲ. ಅದಕ್ಕೆ ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರ್ ಹೇಳಿದಷ್ಟೇ ಕೊಡಿ. 60,000 ಯೂನಿಟ್‌ನ ಪುಡಿ ಪ್ಯಾಕೆಟ್ ದಿನಾ ಕೊಡುವಂಥದ್ದಲ್ಲ, ಜಾಸ್ತಿಯಾದರೆ ಕಿಡ್ನಿಗೆ ತೊಂದರೆ.

ಸೊಟ್ಟ ಬೆನ್ನಿಗೆ ರಾಡ್, ಸ್ಕ್ರೂ ಹಾಕಿ ನೇರ ಮಾಡುವ ಆಪರೇಷನ್ ಮಾತು ಬಂದರೆ ಅದಕ್ಕೂ ಮೊದಲು ಎಲುಬಿನ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಬಗ್ಗೆ ಕೇಳಿ, ಯಾಕೆಂದರೆ ಸ್ಕ್ರೂ ಕೂರುವುದು ಆ ಎಲುಬಿನಲ್ಲೇ. ಬೆನ್ನಿಗೆ ರಾಡ್ ಆಗಲೇ ಹಾಕಿದ್ದರೆ ಅಲ್ಲಿ ಸ್ಕ್ಯಾನ್ ಸರಿಯಾಗಿ ಬರುವುದಿಲ್ಲ, ಆಗ ತೊಡೆ ಎಲುಬಿನ ಮೊಣಕಾಲಿನ ಕಡೆಯ ತುದಿಯಲ್ಲಿ ನೋಡಬಹುದು.

ಕಾಲಿಗೆ ಭಾರ ಬೀಳಲಿ ಅಂತ ಮಗುವನ್ನು ಆಸರೆ ಕೊಟ್ಟು ನಿಲ್ಲಿಸುವ ಫ್ರೇಮ್ ಇದೆ, ಅದನ್ನು ಸುಮ್ನೆ ಕೊಳ್ಳಬೇಡಿ. ಜಿಲ್ಲಾ ಆಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರದಲ್ಲಿ (ಡಿಇಐಸಿ) 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತಾರೆ. ಅಲ್ಲಿನ ಫಿಸಿಯೋ ಅಳತೆ ತೆಗೆದು, ಎಷ್ಟು ಹೊತ್ತು ನಿಲ್ಲಿಸಬೇಕು ಅಂತ ಹೇಳಿದ ಮೇಲೆಯೇ ಮಾಡಿಸಿ.