ಗುವಾಂಗ್‌ಡಾಂಗ್‌ನ ಜನಸಂಖ್ಯೆ, ಜಿಡಿಪಿ: ಅಂಕಿ ಓದುವುದು ಹೇಗೆ, ಮಹಾರಾಷ್ಟ್ರದ ಪಕ್ಕ ಇಟ್ಟು ನೋಡುವುದು ಹೇಗೆ

ಮುಂಬೈಯ ಕಲೀನಾದಲ್ಲೋ ಪುಣೆಯಲ್ಲೋ ಅರ್ಥಶಾಸ್ತ್ರ ಓದುವ ಕನ್ನಡದ ಹುಡುಗ ಹುಡುಗಿಯರು ಪ್ರಾಜೆಕ್ಟಿಗೆ ಮಹಾರಾಷ್ಟ್ರದ ಜೊತೆ ಚೀನಾದ ಒಂದು ಪ್ರಾಂತ್ಯವನ್ನು ಹೋಲಿಸುವುದಾದರೆ ಗುವಾಂಗ್‌ಡಾಂಗ್ ಒಳ್ಳೆಯ ಆಯ್ಕೆ. ಎರಡಕ್ಕೂ ಕರಾವಳಿ ಇದೆ, ಎರಡೂ ತಮ್ಮ ದೇಶದಲ್ಲಿ ಜಿಡಿಪಿಯಲ್ಲಿ ಮೊದಲು, ಎರಡಕ್ಕೂ ದುಡಿಯಲು ಹೊರಗಿನಿಂದ ಜನ ಬರುತ್ತಾರೆ. ಇಂಥ ಹೋಲಿಕೆ ಕೆಡುವುದು ಹೆಚ್ಚಾಗಿ ಜನಸಂಖ್ಯೆಯ ಕಾಲಂನಲ್ಲಿ. ಯಾರನ್ನು ಎಣಿಸಿದ್ದಾರೆ ಎಂದು ನೋಡದೆ ಭಾಗಿಸಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ.

ಗುವಾಂಗ್‌ಡಾಂಗ್‌ನ ವಾರ್ಷಿಕ ಅಂಕಿಅಂಶ ಪುಸ್ತಕ ಚೀನೀ, ಇಂಗ್ಲಿಷ್ ಎರಡರಲ್ಲೂ ಇರುವುದರಿಂದ ಭಾಷೆಯ ತೊಡಕಿಲ್ಲ. ಅಳತೆಯನ್ನು ಮಾತ್ರ ಮೊದಲೇ ಸರಿ ಮಾಡಿಕೊಳ್ಳಿ. ಜನರನ್ನು ‘ವಾನ್’ ಅಂದರೆ ಹತ್ತು ಸಾವಿರದಲ್ಲಿ, ಹಣವನ್ನು ‘ಯಿ’ ಅಂದರೆ ಹತ್ತು ಕೋಟಿಯಲ್ಲಿ ಕೊಡುತ್ತಾರೆ. ವಾನ್ ಅನ್ನು 1,000ದಿಂದ ಭಾಗಿಸಿದರೆ ಕೋಟಿ. ಯಿ ಅನ್ನು 10,000ದಿಂದ ಭಾಗಿಸಿದರೆ ಲಕ್ಷ ಕೋಟಿ. 2023ರ ಜಿಡಿಪಿ 1,35,673 ಯಿ ಯುವಾನ್ ಎಂದಿದ್ದರೆ ಅದು 13.57 ಲಕ್ಷ ಕೋಟಿ ಯುವಾನ್. ಮಿಲಿಯನ್, ಬಿಲಿಯನ್‌ಗೆ ಹೋಗಿ ಮತ್ತೆ ಕೋಟಿಗೆ ಬರುವ ಸುತ್ತು ಬೇಡ. ಸೊನ್ನೆ ತಪ್ಪುವುದು ಅಲ್ಲೇ.

ಇನ್ನು ಜನಸಂಖ್ಯೆ. ಪುಸ್ತಕದಲ್ಲಿ ಎರಡು ಸಾಲು ಇರುತ್ತವೆ. ಒಂದು ಹುಕೌ, ಅಂದರೆ ಆ ಊರಿನ ಸರ್ಕಾರಿ ಕುಟುಂಬ ನೋಂದಣಿ ದಾಖಲೆಯಲ್ಲಿ ಹೆಸರಿರುವವರು. ಇನ್ನೊಂದು ನಿವಾಸಿ ಜನಸಂಖ್ಯೆ, ಅಂದರೆ ದಾಖಲೆ ಎಲ್ಲೇ ಇರಲಿ, ಆರು ತಿಂಗಳಿಗಿಂತ ಹೆಚ್ಚು ಕಾಲ ಅಲ್ಲಿ ಇರುವವರು. ಕಾರ್ಕಳದಲ್ಲಿ ರೇಷನ್ ಕಾರ್ಡ್ ಇಟ್ಟುಕೊಂಡು ಘಾಟ್‌ಕೋಪರ್‌ನ ಹೋಟೆಲಿನಲ್ಲಿ ವರ್ಷವಿಡೀ ದುಡಿಯುವವರನ್ನು ನಮ್ಮ ಜನಗಣತಿ ಮುಂಬೈಯಲ್ಲೇ ಎಣಿಸುತ್ತದೆ. ಹುಕೌ ಸಾಲು ಅಂಥವರನ್ನು ಕಾರ್ಕಳದಲ್ಲೇ ಬಿಡುತ್ತದೆ. 2020ರ ಗಣತಿಯಲ್ಲಿ ಗುವಾಂಗ್‌ಡಾಂಗ್‌ನ ಡಾಂಗ್‌ಗುವಾನ್ ನಗರದ ನಿವಾಸಿಗಳು 1 ಕೋಟಿ ದಾಟಿದ್ದರು. ಅಲ್ಲಿನ ಹುಕೌ ಇದ್ದವರು ಅದರ ಕಾಲು ಭಾಗದಷ್ಟು. ಕಾರ್ಖಾನೆಗಳ ಉತ್ಪನ್ನವನ್ನು ಹುಕೌ ಸಂಖ್ಯೆಯಿಂದ ಭಾಗಿಸಿದರೆ ತಲಾ ಜಿಡಿಪಿ ನಾಲ್ಕು ಪಟ್ಟು ಉಬ್ಬುತ್ತದೆ. ಹಾಗಾಗಿ ಯಾವಾಗಲೂ ನಿವಾಸಿ ಸಾಲನ್ನೇ ಹಿಡಿಯಿರಿ.

ತಲಾ ಲೆಕ್ಕಕ್ಕೆ ವರ್ಷದ ಕೊನೆಯ ಸಂಖ್ಯೆ ಸಾಲದು, ಎರಡು ವರ್ಷಾಂತ್ಯಗಳ ಸರಾಸರಿ ಬೇಕು. 2022ರ ಕೊನೆಗೆ 12,656.8 ವಾನ್, 2023ರ ಕೊನೆಗೆ 12,706 ವಾನ್, ಸರಾಸರಿ 12,681.4. 1,35,673 ಯಿಯನ್ನು ಇದರಿಂದ ಭಾಗಿಸಿದರೆ 10.70, ಅಂದರೆ ತಲೆಗೆ ಸುಮಾರು 1.07 ಲಕ್ಷ ಯುವಾನ್. ಬೇರೆ ಉತ್ತರ ಬಂದರೆ ತಪ್ಪಾದ ಸಾಲು ಹಿಡಿದಿದ್ದೀರಿ ಎಂದೇ ಲೆಕ್ಕ.

ಹಳೆಯ ವರದಿ, ಹೊಸ ವರದಿಗಳನ್ನು ಬೆರೆಸಲೇಬೇಡಿ. 2019ರ ಜನಸಂಖ್ಯೆ 11,521 ವಾನ್ ಎಂದು ಆಗಿನ ವರದಿ ಹೇಳಿತ್ತು. 2020ರ ಗಣತಿ ಕೊಟ್ಟದ್ದು 12,601 ವಾನ್. ಒಂದೇ ವರ್ಷದಲ್ಲಿ ಒಂದು ಕೋಟಿಗೂ ಹೆಚ್ಚು ಜನ ಬಂದಿಳಿಯಲಿಲ್ಲ. ಗಣತಿಗಳ ನಡುವಿನ ಅಂದಾಜು ಕಡಿಮೆಯಾಗಿತ್ತು, ಆಮೇಲೆ ಹಿಂದಿನ ವರ್ಷಗಳನ್ನು ತಿದ್ದಿದರು. ಬೆಳವಣಿಗೆ ಬೇಕಿದ್ದರೆ ಗಣತಿಯಿಂದ ಗಣತಿಗೆ ಹೋಗಿ: 2010ರಲ್ಲಿ 10,430 ವಾನ್, 2020ರಲ್ಲಿ 12,601, ಹತ್ತು ವರ್ಷಕ್ಕೆ ಶೇ. 20.8, ವರ್ಷಕ್ಕೆ ಶೇ. 1.9.

ಜಿಡಿಪಿಯಲ್ಲೂ ಇದೇ ಗುಂಡಿ. 2023ರಲ್ಲಿ 13.57, 2024ರಲ್ಲಿ 14.16 ಲಕ್ಷ ಕೋಟಿ. ಕಳೆದು ಭಾಗಿಸಿದರೆ ಶೇ. 4.4 ಬರುತ್ತದೆ, ಅಧಿಕೃತ ದರ ಶೇ. 3.5. ಅಧಿಕೃತ ದರ ಬೆಲೆ ಏರಿಳಿತ ತೆಗೆದು ಹಾಕಿದ್ದು. ಅದರ ಮೇಲೆ ಐದನೇ ಆರ್ಥಿಕ ಗಣತಿಯ (ಉದ್ಯಮ, ವ್ಯಾಪಾರಗಳ ಎಣಿಕೆ) ನಂತರ ಇಡೀ ಚೀನಾದ 2023ರ ಜಿಡಿಪಿಯನ್ನೇ ಶೇ. 2.7ರಷ್ಟು ಮೇಲಕ್ಕೆ ಪರಿಷ್ಕರಿಸಿದರು, ಹಾಗಾಗಿ ಹಳೆಯ 13.57 ಹೊಸ 14.16ರ ಜೋಡಿಯಲ್ಲ. ಪರಿಷ್ಕರಣೆ ಕೆಳಕ್ಕೂ ಆಗುತ್ತದೆ: ಶಾನ್‌ಡಾಂಗ್ ಪ್ರಾಂತ್ಯದ 2018ರ ಜಿಡಿಪಿ 7.65ರಿಂದ 6.66 ಲಕ್ಷ ಕೋಟಿಗೆ ಇಳಿಯಿತು. ಲಿಯಾವೋನಿಂಗ್ ಪ್ರಾಂತ್ಯವಂತೂ ಸುಳ್ಳು ಅಂಕಿ ಕೊಟ್ಟದ್ದನ್ನು 2017ರಲ್ಲಿ ತಾನೇ ಒಪ್ಪಿಕೊಂಡಿತು.

ಬೆಳವಣಿಗೆ ದರವನ್ನು ಡಾಲರಿನಲ್ಲಿ ಲೆಕ್ಕ ಹಾಕಬೇಡಿ. 2022ರಲ್ಲಿ ಡಾಲರಿಗೆ ಸರಾಸರಿ 6.73 ಯುವಾನ್, 2023ರಲ್ಲಿ 7.05. ಯುವಾನಿನಲ್ಲಿ 12.91ರಿಂದ 13.57ಕ್ಕೆ ಏರಿದ ಜಿಡಿಪಿ ಡಾಲರಿನಲ್ಲಿ ಎರಡೂ ವರ್ಷ 1.92 ಲಕ್ಷ ಕೋಟಿಯಲ್ಲೇ ನಿಂತಂತೆ ಕಾಣುತ್ತದೆ. ಅದು ವಿನಿಮಯ ದರದ ಆಟ. ದರ ಸ್ವಂತ ನಾಣ್ಯದಲ್ಲಿರಲಿ, ಗಾತ್ರ ಹೋಲಿಸುವಾಗ ಮಾತ್ರ ಡಾಲರ್.

1988ಕ್ಕಿಂತ ಹಿಂದಕ್ಕೆ ಹೋಗುವವರು ಗಡಿಯನ್ನೂ ನೋಡಬೇಕು. ಹೈನಾನ್ ದ್ವೀಪ ಆವರೆಗೆ ಗುವಾಂಗ್‌ಡಾಂಗ್‌ನ ಭಾಗ. ಸಿಚುವಾನ್ ಆಯ್ದುಕೊಂಡರೆ 1997ರಲ್ಲಿ ಚೊಂಗ್‌ಚಿಂಗ್ ಬೇರೆಯಾದದ್ದನ್ನು ಮರೆತರೆ ಜನ ಮಾಯವಾದಂತೆ ಕಾಣುತ್ತದೆ. ‘ಗ್ರೇಟರ್ ಬೇ ಏರಿಯಾ’ (ಪರ್ಲ್ ನದಿ ಮುಖದ ಸುತ್ತಲಿನ ನಗರಗಳ ಕೂಟ) ಅಂಕಿಯಲ್ಲಿ ಹಾಂಗ್‌ಕಾಂಗ್, ಮಕಾವ್ ಸೇರಿರುತ್ತವೆ, ಪ್ರಾಂತ್ಯದ ಅಂಕಿಯಲ್ಲಿ ಇಲ್ಲ.

ಮಹಾರಾಷ್ಟ್ರದ ಅಂಕಿ ಬಜೆಟ್‌ಗೆ ಮುಂಚೆ ಬರುವ ರಾಜ್ಯದ ಆರ್ಥಿಕ ಸಮೀಕ್ಷೆಯಲ್ಲಿ ಸಿಗುತ್ತದೆ. ಅದು ಏಪ್ರಿಲ್‌ನಿಂದ ಮಾರ್ಚ್, ಚೀನಾದ್ದು ಜನವರಿಯಿಂದ ಡಿಸೆಂಬರ್. ಚೀನಾದ 2023ಕ್ಕೆ ನಮ್ಮ 2023-24 ಜೋಡಿ ಎಂದು ಅಡಿಟಿಪ್ಪಣಿ ಹಾಕಿ. 2011ರ ಜನಗಣತಿಯ 11.24 ಕೋಟಿ ಜನರಿಂದ ಈಗಿನ ಜಿಡಿಪಿಯನ್ನು ಭಾಗಿಸಬೇಡಿ. ಅಧಿಕೃತ ಮುನ್ನಂದಾಜು ಬಳಸಿ, ಮುನ್ನಂದಾಜು ಎಂದೇ ಬರೆಯಿರಿ.

ಸರಾಸರಿ ಬಂದ ಮೇಲೆ ಅದನ್ನು ಒಡೆಯುವುದೇ ಪ್ರಾಜೆಕ್ಟಿನ ಅಸಲು ಕೆಲಸ. ಗುವಾಂಗ್‌ಡಾಂಗ್‌ನ 21 ನಗರಾಡಳಿತಗಳಲ್ಲಿ ಪರ್ಲ್ ನದಿ ಮುಖಜಭೂಮಿಯ ಒಂಬತ್ತರಲ್ಲೇ ಜಿಡಿಪಿಯ ಸುಮಾರು ಐದರಲ್ಲಿ ನಾಲ್ಕು ಪಾಲು ಇದೆ, ಜನ ಮಾತ್ರ ಐದರಲ್ಲಿ ಮೂರು ಪಾಲು. ಒಂಬತ್ತು ಒಂದು ಕಡೆ, ಹನ್ನೆರಡು ಇನ್ನೊಂದು ಕಡೆ ಎಂದು ಎರಡು ಕೋಷ್ಟಕ ಮಾಡಿ. ಮಹಾರಾಷ್ಟ್ರದಲ್ಲೂ ಮುಂಬೈ, ಠಾಣೆ, ಪುಣೆ ಒಂದರಲ್ಲಿ, ಮರಾಠವಾಡ ಮತ್ತು ವಿದರ್ಭ ಇನ್ನೊಂದರಲ್ಲಿ ಇಡಿ. ಜಿಲ್ಲಾವಾರು ಅಂಕಿ ಅದೇ ಸಮೀಕ್ಷೆಯಲ್ಲಿದೆ.