ಬೀರುವಿನ ಬೀಗ ತೆಗೆಸಿದ್ದು: ಜಿಲ್ಲಾ ಗ್ರಂಥಾಲಯದಲ್ಲಿ ನನ್ನ ಅನುಭವ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರ ಗ್ರಂಥಾಲಯದ ಹೊಣೆ ನನ್ನ ಕೈಗೆ ಬಂದಾಗ ಅಲ್ಲಿ ಜನಕ್ಕೇನೂ ಕೊರತೆ ಇರಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹುಡುಗ ಹುಡುಗಿಯರು ಬ್ಯಾಗು ನೇತುಹಾಕಿಕೊಂಡು ನಿಂತಿರುತ್ತಿದ್ದರು. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಶಿಕ್ಷಕರ ನೇಮಕಾತಿ, ಹೀಗೆ ಒಬ್ಬೊಬ್ಬರದು ಒಂದೊಂದು ಪರೀಕ್ಷೆ. ತಮ್ಮದೇ ಪುಸ್ತಕ ತಂದು, ನಮ್ಮ ಮೇಜಿನ ಮೇಲೆ ಹರಡಿಕೊಂಡು ರಾತ್ರಿಯವರೆಗೆ ಓದುತ್ತಿದ್ದರು. ಒಂದೇ ಕೋಣೆಯ ಮನೆಯಲ್ಲಿ ಐದಾರು ಮಂದಿ ಇರುವವರಿಗೆ ಆ ಮೇಜು ಎಷ್ಟು ದೊಡ್ಡದು ಎಂದು ನನಗೆ ಗೊತ್ತು, ಅದನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ರ‍್ಯಾಕಿನಲ್ಲಿದ್ದ ಪುಸ್ತಕಗಳು ಹೊರಗೆ ಹೋಗುತ್ತಿರಲಿಲ್ಲ. ತಾಲ್ಲೂಕು ಶಾಖೆಗಳಲ್ಲಿ ಇನ್ನೂ ಕಡಿಮೆ. ಹಳ್ಳಿಯ ಗ್ರಂಥಾಲಯಗಳಲ್ಲಿ ಮೇಜಿನ ಮೇಲೆ ಎರಡು ದಿನಪತ್ರಿಕೆ, ಗೋಡೆಗೆ ಒರಗಿದ ಬೀರು, ಬೀರುವಿಗೆ ಬೀಗ.

ಆ ಬೀಗ ಯಾಕೆ ಎಂದು ಕೇಳುತ್ತಾ ಹೋದೆ. ಮೇಲ್ವಿಚಾರಕರಿಗೆ ಆಸಕ್ತಿಯಿಲ್ಲ, ಜನ ಓದುವುದಿಲ್ಲ, ಮೊಬೈಲು ಬಂದಮೇಲೆ ಎಲ್ಲ ಹೋಯಿತು ಎಂಬ ಮಾತು ಕಚೇರಿಯಲ್ಲಿ ಸಲೀಸಾಗಿ ಬರುತ್ತಿತ್ತು. ಹಳ್ಳಿಯಲ್ಲಿ ಸಿಕ್ಕ ಉತ್ತರ ಬೇರೆ. ಒಬ್ಬ ಮೇಲ್ವಿಚಾರಕಿ ನೇರವಾಗಿಯೇ ಹೇಳಿದರು: "ಮೇಡಂ, ಒಂದು ಪುಸ್ತಕ ವಾಪಸ್ ಬರ್ಲಿಲ್ಲ ಅಂದ್ರೆ ನನ್ನ ಗೌರವಧನದಾಗೆ ಹಿಡೀತಾರೆ. ಕೊಡೋದೇ ಬ್ಯಾಡ ಅಂತ ಬೀಗ ಹಾಕೀನಿ. ಲೆಕ್ಕ ಸರಿಯಾಗೈತೆ ನೋಡ್ರಿ." ದಾಸ್ತಾನು ವಹಿ ತೆಗೆದು ನೋಡಿದೆ. ನಿಜಕ್ಕೂ ಒಂದೂ ಪುಸ್ತಕ ಕಳೆದಿರಲಿಲ್ಲ. ತಪಾಸಣೆಗೆ ಬಂದವರೆಲ್ಲ 'ಸರಿಯಿದೆ' ಎಂದು ಸಹಿ ಹಾಕಿ ಹೋಗಿದ್ದರು.

ನಾವು ಲೆಕ್ಕ ಕೇಳುತ್ತಿದ್ದ ಬಗೆಯೇ ಪುಸ್ತಕವನ್ನು ಒಳಗೆ ಕೂಡಿಹಾಕುತ್ತಿತ್ತು. ಹಾಗಾಗಿ ನಾನು ಹೊಸ ಕಟ್ಟಡ, ಹೊಸ ಕಂಪ್ಯೂಟರಿನಿಂದ ಶುರು ಮಾಡಲಿಲ್ಲ. ಮೊದಲು ಈ ಭಯ ತೆಗೆಯಬೇಕಿತ್ತು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಗ್ರಂಥಾಲಯಗಳ ಬಗ್ಗೆ ಒಂದು ಸಣ್ಣ ನಿಯಮವಿದೆ. ವರ್ಷದಲ್ಲಿ ಎರವಲು ಹೋದ, ಪರಾಮರ್ಶಿಸಿದ ಪ್ರತಿ 1000 ಪುಸ್ತಕಕ್ಕೆ 5 ಕಳೆದುಹೋದರೆ ಅದನ್ನು ಸಹಜ ನಷ್ಟವೆಂದು ಒಪ್ಪಬಹುದು. ಅಪ್ರಾಮಾಣಿಕತೆ, ನಿರ್ಲಕ್ಷ್ಯ ಇರಬಾರದು, ಅಷ್ಟೆ. ಅಪರೂಪದ ಪುಸ್ತಕ ಅಥವಾ 1000 ರೂಪಾಯಿಗೆ ಮೀರಿದ ಪುಸ್ತಕವಾದರೆ ವಿಚಾರಣೆ ಆಗಲೇಬೇಕು. ಇದು ಕೇಂದ್ರದ ಸಂಸ್ಥೆಗಳಿಗೆ ಬರೆದದ್ದು, ನಮ್ಮನ್ನು ನೇರವಾಗಿ ಕಟ್ಟುವುದಿಲ್ಲ. ಆದರೂ ಅದರ ಪ್ರತಿಯನ್ನು ನಮ್ಮ ಸ್ಥಳೀಯ ಗ್ರಂಥಾಲಯ ಪ್ರಾಧಿಕಾರದ ಸಭೆಯಲ್ಲಿಟ್ಟೆ. ಈ ನಿಯಮದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಐದು ಎಂಬ ಸಂಖ್ಯೆಯಲ್ಲ. ನಷ್ಟವನ್ನು ಬೀರುವಿನಲ್ಲಿರುವ ಪುಸ್ತಕದ ಲೆಕ್ಕದಲ್ಲಲ್ಲ, ಬಳಕೆಯಾದ ಪುಸ್ತಕದ ಲೆಕ್ಕದಲ್ಲಿ ಅಳೆಯುತ್ತದೆ. ಹೆಚ್ಚು ಕೊಟ್ಟವರಿಗೆ ಹೆಚ್ಚು ವಿನಾಯಿತಿ. ಚರ್ಚೆ ಜೋರಾಗಿಯೇ ನಡೆಯಿತು. ಕೊನೆಗೆ, ಸಾಮಾನ್ಯ ಬೆಲೆಯ ಪುಸ್ತಕ ಎರವಲಿನಲ್ಲಿ ಕಳೆದರೆ ಮೇಲ್ವಿಚಾರಕರ ಗೌರವಧನ ಮುಟ್ಟಬಾರದು, ವರ್ಷಕ್ಕೊಮ್ಮೆ ಸಮಿತಿಯ ಮುಂದಿಟ್ಟು ವಹಿಯಿಂದ ತೆಗೆಯಬೇಕು ಎಂಬ ನಿರ್ಣಯವಾಯಿತು. ಅದರ ಪ್ರತಿಯನ್ನು ಪ್ರತಿ ಗ್ರಂಥಾಲಯದ ಬೀರುವಿನ ಬಾಗಿಲಿಗೇ ಅಂಟಿಸಿಸಿದೆ. ಫೈಲಿನಲ್ಲಿದ್ದರೆ ಅದನ್ನು ಯಾರೂ ನಂಬುತ್ತಿರಲಿಲ್ಲ.

ಎರಡನೆಯ ಕೆಲಸ ನಮ್ಮ ಮನೆಯದು. ಕೇಂದ್ರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕಟ್ಟು ಬಿಚ್ಚದ ಪುಸ್ತಕಗಳಿದ್ದವು. ನಮ್ಮಲ್ಲಿ ಪುಸ್ತಕ ಬರುವ ದಾರಿ ಹಲವು: ರಾಜ್ಯ ಮಟ್ಟದ ಆಯ್ಕೆ ಸಮಿತಿ, ಏಕಗವಾಕ್ಷಿ ಯೋಜನೆಯ ಖರೀದಿ, ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನದ ನೆರವು, ಸ್ಥಳೀಯ ಖರೀದಿ, ದಾನ. ಕನ್ನಡ ಪ್ರಕಾಶನ ಉಸಿರಾಡಿಕೊಂಡಿರುವುದಕ್ಕೆ ಈ ಸಗಟು ಖರೀದಿ ಒಂದು ಕಾರಣ, ಅದು ನಿಲ್ಲಬಾರದು. ಆದರೆ ಒಂದೇ ಪುಸ್ತಕದ ಪ್ರತಿಗಳು ಎಲ್ಲ ಊರಿಗೂ ಒಂದೇ ಸಮ ಹಂಚಿಹೋದಾಗ, ಯಾವ ಊರಿಗೆ ಯಾವುದು ಬೇಕು ಎಂದು ನೋಡುವ ಕೆಲಸ ಯಾರದೂ ಅಲ್ಲದೆ ಉಳಿಯುತ್ತದೆ. ಅದು ಜಿಲ್ಲಾ ಗ್ರಂಥಾಲಯದ ಕೆಲಸ ಎಂದು ನಾನು ಹಿಡಿದೆ.

ಕಟ್ಟು ಬಿಚ್ಚಿ ಮೂರು ರಾಶಿ ಮಾಡಿದೆವು. ಇಲ್ಲೇ ಇರಬೇಕಾದದ್ದು, ಊರೂರಿಗೆ ಓಡಾಡಬೇಕಾದದ್ದು, ತೆಗೆದುಹಾಕಬೇಕಾದದ್ದು. ಮೂರನೆಯ ರಾಶಿಯೇ ಕಷ್ಟ. ಹಳೆಯ ಪಠ್ಯಕ್ರಮದ ಗೈಡುಗಳು, ರದ್ದಾದ ಕಾಯ್ದೆಗಳ ವಿವರಣೆ, ಗೆದ್ದಲು ಹಿಡಿದವು. ಪುಸ್ತಕ ಎಂದರೆ ಸರಸ್ವತಿ, ಎಸೆಯಬಾರದು ಎಂಬ ಭಾವನೆ ನಮ್ಮ ಸಿಬ್ಬಂದಿಗೆ ಆಳವಾಗಿತ್ತು, ನನಗೂ ಇದೆ. ಆದರೆ ಹಳೆಯ ತೆರಿಗೆ ನಿಯಮದ ಪುಸ್ತಕ ಓದಿ ಅರ್ಜಿ ತುಂಬಿದವನಿಗೆ ಗ್ರಂಥಾಲಯ ಮಾಡುವುದು ಉಪಕಾರವಲ್ಲ. ಸ್ಥಳೀಯ ಚರಿತ್ರೆ, ಜಾತ್ರೆಯ ಸ್ಮರಣ ಸಂಚಿಕೆ, ಊರಿನವರೇ ಅಚ್ಚು ಹಾಕಿಸಿದ ಕೈಪಿಡಿ ಮಾತ್ರ ಎಷ್ಟೇ ಹರಿದಿದ್ದರೂ ಉಳಿಸಿಕೊಂಡೆವು. ಅಂಥವು ಬೆಂಗಳೂರಿನ ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯದಲ್ಲೂ ಸಿಗದೆ ಇರಬಹುದು.

ಇನ್ನು ಸಂಖ್ಯೆ ಹಾಕುವ ಕೆಲಸ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯಕ್ಕೆ 894.814. ಕಾವ್ಯ 894.8141, ನಾಟಕ 894.8142, ಕಥೆ ಕಾದಂಬರಿ 894.8143. ಅಂದರೆ ನಮ್ಮ ಗ್ರಂಥಾಲಯದ ಅತಿ ದೊಡ್ಡ ಭಾಗವೆಲ್ಲ ಒಂದೇ ಸಂಖ್ಯೆಯ ಕೆಳಗೆ ರಾಶಿ ಬೀಳುತ್ತದೆ. ಗಣಿತಕ್ಕೂ ಭೌತಶಾಸ್ತ್ರಕ್ಕೂ ಬೇರೆ ಬೇರೆ ಸಂಖ್ಯೆ ಇದೆ, ಕನ್ನಡ ಕಾದಂಬರಿಗೆಲ್ಲ ಸೇರಿ ಇದೊಂದೇ. ಆದ್ದರಿಂದ ಆ ಸಂಖ್ಯೆಯ ಕೆಳಗೆ ಲೇಖಕರ ಹೆಸರಿನ ಮೊದಲ ಎರಡಕ್ಷರ ಹಾಕಿ, ಕನ್ನಡ ವರ್ಣಮಾಲೆಯ ಕ್ರಮದಲ್ಲೇ ಜೋಡಿಸಿದೆವು. ಹೆಸರಿನ ಪಟ್ಟಿಯೊಂದನ್ನು ಮೊದಲು ನಿಗದಿ ಮಾಡಿಕೊಳ್ಳಬೇಕಾಯಿತು. ಕುವೆಂಪು ಒಂದು ಕಡೆ, ಕೆ.ವಿ. ಪುಟ್ಟಪ್ಪ ಇನ್ನೊಂದು ಕಡೆ. ಬೇಂದ್ರೆ ಒಂದು ರ‍್ಯಾಕು, ಅಂಬಿಕಾತನಯದತ್ತ ಇನ್ನೊಂದು ರ‍್ಯಾಕು. ಹೀಗಿದ್ದರೆ ಓದುಗ ಅರ್ಧ ಪುಸ್ತಕ ನೋಡಿ ಇಷ್ಟೇ ಇರುವುದೆಂದು ಹೊರಟುಹೋಗುತ್ತಾನೆ. ಹಳ್ಳಿಗೆ ಕಳಿಸುವ ಪುಸ್ತಕಕ್ಕೆ ಈ ಸಂಖ್ಯೆಯೂ ಬೇಡ ಎಂದು ನಿರ್ಧರಿಸಿದೆ. ಬೆನ್ನಿಗೆ ಬಣ್ಣದ ಪಟ್ಟಿ: ಕಥೆಗೆ ಕೆಂಪು, ಕೃಷಿಗೆ ಹಸಿರು, ಮಕ್ಕಳಿಗೆ ಹಳದಿ, ಪರೀಕ್ಷೆಗೆ ನೀಲಿ. ಮಕ್ಕಳೇ ಪುಸ್ತಕವನ್ನು ಸರಿಯಾದ ಜಾಗಕ್ಕೆ ಇಡತೊಡಗಿದರು.

ಸೂಚಿಯನ್ನು, ಅಂದರೆ ಪುಸ್ತಕಗಳ ಪಟ್ಟಿಯನ್ನು, ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆಯ ಇ-ಗ್ರಂಥಾಲಯ ತಂತ್ರಾಂಶಕ್ಕೆ ಏರಿಸುವಾಗ ಹಳೆಯ ಪಟ್ಟಿ ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿತ್ತು, ಬೇಕಿದ್ದುದು ಎಲ್ಲ ಕಂಪ್ಯೂಟರಿನಲ್ಲೂ ಓದಬರುವ ಯೂನಿಕೋಡ್. ಪರಿವರ್ತಕದಲ್ಲಿ ಹಾಕಿದರೆ ಅರ್ಕಾವೊತ್ತಿರುವ ಹೆಸರುಗಳು ಕೆಟ್ಟು ಬರುತ್ತಿದ್ದವು. ಪದವಿ ಕಾಲೇಜಿನ ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಕೂತು ಒಂದೊಂದನ್ನೇ ತಿದ್ದಿದರು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಾಳ್ಮೆ ಇದ್ದರೆ ಆಗುವ ಕೆಲಸ.

ಓಡಾಡುವ ಪುಸ್ತಕದ ಏರ್ಪಾಡು ನನಗೆ ಅತಿ ಇಷ್ಟವಾದದ್ದು. ಒಂದು ತಗಡಿನ ಟ್ರಂಕಿಗೆ ಅರವತ್ತು ಪುಸ್ತಕ, ಮುಚ್ಚಳದ ಒಳಬದಿಗೆ ಅವುಗಳ ಪಟ್ಟಿ. ಹತ್ತಿರದ ಊರುಗಳನ್ನು ಒಂದು ಸುತ್ತು ಮಾಡಿ, ಮೂರು ತಿಂಗಳಿಗೊಮ್ಮೆ ಟ್ರಂಕು ಮುಂದಿನ ಊರಿಗೆ. ವಾಹನಕ್ಕೆ ದುಡ್ಡಿರಲಿಲ್ಲ. ಸಂತೆಯ ದಿನ ಹೋಬಳಿ ಕೇಂದ್ರಕ್ಕೆ ಎಲ್ಲ ಊರಿನಿಂದಲೂ ಜನ, ಗಾಡಿ ಬಂದೇ ಬರುತ್ತವೆ. ಆ ದಿನವೇ ಟ್ರಂಕು ಬದಲಾಯಿಸಿಕೊಳ್ಳುವುದೆಂದು ಮೇಲ್ವಿಚಾರಕರೇ ಸೂಚಿಸಿದರು. ಈರುಳ್ಳಿ ಚೀಲದ ಪಕ್ಕದಲ್ಲಿ ಟ್ರಂಕು ಇಟ್ಟುಕೊಂಡು ಇಬ್ಬರು ಮೇಲ್ವಿಚಾರಕರು ಪಟ್ಟಿ ಓದಿ ತಾಳೆ ನೋಡುವುದು ಆ ಸಂತೆಯಲ್ಲಿ ಮಾಮೂಲಾಯಿತು. ಆಚೀಚೆಯವರು ಬಂದು "ಏನದು" ಎಂದು ನೋಡಿ, ಅಲ್ಲೇ ಪುಸ್ತಕ ಕೇಳಿ ಹೆಸರು ಬರೆಸಿದ್ದೂ ಉಂಟು.

ಟ್ರಂಕಿನಲ್ಲಿ ಏನಿರಬೇಕು ಎಂಬುದನ್ನು ನಾವು ಕಚೇರಿಯಲ್ಲಿ ತೀರ್ಮಾನಿಸಲಿಲ್ಲ. ಪ್ರತಿ ಗ್ರಂಥಾಲಯದಲ್ಲೂ ಒಂದು ನೋಟುಪುಸ್ತಕ ಇಡಿಸಿದೆವು: ಯಾರಾದರೂ ಕೇಳಿ ಸಿಗದೇ ಹೋದದ್ದನ್ನು ಮಾತ್ರ ಅದರಲ್ಲಿ ಬರೆಯಬೇಕು. ಕುರಿ ಸಾಕಾಣಿಕೆ, ಅಡಿಕೆಗೆ ನೀರು ಸಾಲದಾಗ ಏನು ಮಾಡಬೇಕು, ಹೊಲಿಗೆ ಕಟಿಂಗ್, ದೊಡ್ಡಕ್ಷರದ ಪುರಾಣ ಕಥೆ, ಒಂಬತ್ತನೇ ತರಗತಿ ಇಂಗ್ಲಿಷ್ ವ್ಯಾಕರಣ. ಆ ವರ್ಷದ ಸ್ಥಳೀಯ ಖರೀದಿಯ ಪಟ್ಟಿ ಬಹುಮಟ್ಟಿಗೆ ಈ ನೋಟುಪುಸ್ತಕಗಳಿಂದಲೇ ತಯಾರಾಯಿತು.

2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ನಮ್ಮ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಹೋದವು. ನಮ್ಮ ಕೈ ಖಾಲಿಯಾಯಿತು ಎಂದು ಸಹೋದ್ಯೋಗಿಗಳಲ್ಲಿ ಕೆಲವರು ನೊಂದುಕೊಂಡರು. ನನಗೆ ಹಾಗನ್ನಿಸಲಿಲ್ಲ. ಪಂಚಾಯಿತಿಗೆ ಕಟ್ಟಡ, ಕರೆಂಟು, ಸುಣ್ಣಬಣ್ಣ ಮಾಡಿಸುವ ಶಕ್ತಿ ಇದೆ, ನಮಗಿರಲಿಲ್ಲ. ನಮಗೆ ಪುಸ್ತಕದ ಕಸುಬು ಗೊತ್ತಿದೆ, ಅವರಿಗೆ ಗೊತ್ತಿರಬೇಕಾದ್ದಿಲ್ಲ. ಮರು ವರ್ಷ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದವರಿಗೆಲ್ಲ ಸದಸ್ಯತ್ವ ಉಚಿತವಾಯಿತು. ಕೋವಿಡ್‌ನಿಂದ ಶಾಲೆ ಮುಚ್ಚಿದ್ದ ಕಾಲ, ಮಕ್ಕಳು ದಂಡು ಕಟ್ಟಿಕೊಂಡು ಬಂದರು. ಬೀರುವಿನಲ್ಲಿದ್ದದ್ದು ದೊಡ್ಡವರ ಕಾದಂಬರಿ. ಆಗ ಟ್ರಂಕಿನ ಏರ್ಪಾಡು ಕೈ ಹಿಡಿಯಿತು. ಹಳದಿ ಪಟ್ಟಿಯವನ್ನೇ ತುಂಬಿ ಕಳಿಸಿದೆವು. ನ್ಯಾಷನಲ್ ಬುಕ್ ಟ್ರಸ್ಟಿನ, ಪ್ರಥಮ್ ಬುಕ್ಸ್‌ನ ತೆಳು ಪುಸ್ತಕಗಳು. ಸ್ಟೋರಿವೀವರ್ ತಾಣದಲ್ಲಿ ಮುಕ್ತ ಪರವಾನಗಿಯಲ್ಲಿ ಸಿಗುವ ಕನ್ನಡ ಕಥೆಗಳನ್ನು ಅಚ್ಚು ತೆಗೆಸಿ ಹೊಲಿಸಿದ ಪುಟ್ಟ ಹೊತ್ತಗೆಗಳೂ ಅದರಲ್ಲಿದ್ದವು.

ಇಲಾಖೆ ಬೇರೆಯಾದ ಮೇಲೂ ತಿಂಗಳ ಸಭೆ ಬಿಡಲಿಲ್ಲ. ಪಿಡಿಒಗಳ ಒಪ್ಪಿಗೆ ಪಡೆದು ಮೇಲ್ವಿಚಾರಕರು ನಮ್ಮಲ್ಲೇ ಸೇರುತ್ತಿದ್ದರು. ಭಾಷಣ ಇಡಲಿಲ್ಲ. ಒಂದು ಪುಸ್ತಕಕ್ಕೆ ಬೈಂಡು ಹಾಕುವುದು, ಚಿಕ್ಕ ಮಕ್ಕಳಿಗೆ ಗಟ್ಟಿಯಾಗಿ ಕಥೆ ಓದುವುದು, ವಿದ್ಯಾರ್ಥಿವೇತನದ ಅರ್ಜಿ ತುಂಬುವುದು, ಹೀಗೆ ಪ್ರತಿ ಸಲ ಒಂದೇ ಕೆಲಸ. ಕಲಿಸುವವರೂ ಅವರಲ್ಲೇ ಒಬ್ಬರು. ನಮ್ಮ ಕೌಂಟರಿನಲ್ಲಿ ಒಬ್ಬ ಸಹಾಯಕರಿಗೆ ಬೇರೆ ಕೆಲಸ ಕೊಡದೆ, ಹಳ್ಳಿಯ ಗ್ರಂಥಾಲಯಗಳ ಫೋನಿಗೆ ಉತ್ತರಿಸಲೆಂದೇ ಕೂರಿಸಿದೆ. ಒಬ್ಬ ಸಿಬ್ಬಂದಿ ದಂಡವಾಯಿತು ಎಂದರು ಕೆಲವರು. ಜಿಲ್ಲಾ ಗ್ರಂಥಾಲಯಕ್ಕೆ ಮೊದಲ ಓದುಗರೇ ಈ ಮೇಲ್ವಿಚಾರಕರು ಎಂಬುದು ನನ್ನ ಖಚಿತ ಅಭಿಪ್ರಾಯ. ಅವರೊಬ್ಬರಿಗೆ ಸರಿಯಾದ ಉತ್ತರ ಕೊಟ್ಟರೆ ಅದು ಊರಿಗೇ ತಲುಪುತ್ತದೆ.

ಹಣದ ಮಾತು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಬಲದಿಂದ ಆಸ್ತಿ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ ಗ್ರಂಥಾಲಯ ಕರವೆಂದು ವಸೂಲಾಗುತ್ತದೆ. ಜನ ಇದನ್ನು ಕಟ್ಟುತ್ತಾರೆ, ರಸೀದಿಯಲ್ಲಿ ಪ್ರತ್ಯೇಕ ಸಾಲೇ ಇದೆ. ವಸೂಲು ಮಾಡಿದ ಸ್ಥಳೀಯ ಸಂಸ್ಥೆ ಅದನ್ನು ನಮಗೆ ದಾಟಿಸಬೇಕು. ನಮ್ಮ ಕಡೆಯ ಒಂದು ಪುರಸಭೆಯಿಂದ ಬಾಕಿ ಬೆಳೆಯುತ್ತಲೇ ಇತ್ತು. ಪತ್ರದ ಮೇಲೆ ಪತ್ರ ಬರೆದದ್ದರಿಂದ ಏನೂ ಆಗಲಿಲ್ಲ. ಕೊನೆಗೆ ಆ ಊರಿನ ಶಾಖಾ ಗ್ರಂಥಾಲಯದ ಸೂಚನಾ ಫಲಕದಲ್ಲಿ ಮೂರು ಅಂಕಿ ಬರೆಸಿದೆ: ಈ ಊರಿನವರು ಕಟ್ಟಿದ ಕರ ಎಷ್ಟು, ಗ್ರಂಥಾಲಯಕ್ಕೆ ಬಂದದ್ದು ಎಷ್ಟು, ಉಳಿದದ್ದರಲ್ಲಿ ಎಷ್ಟು ಪುಸ್ತಕ ಕೊಳ್ಳಬಹುದಿತ್ತು. ಪರೀಕ್ಷೆಗೆ ಓದುವ ಹುಡುಗರೇ ಪುರಸಭೆಯ ಸದಸ್ಯರನ್ನು ಕೇಳಲು ಹೋದರು. ಬಾಕಿ ಕಂತು ಕಂತಾಗಿ ಬರತೊಡಗಿತು.

ನಾನು ನಿವೃತ್ತಳಾಗುವಾಗ ಮುಗಿಯದೆ ಉಳಿದದ್ದು ಎಲ್ಲ ಗ್ರಂಥಾಲಯಗಳಿಗೂ ಸೇರಿ ಒಂದೇ ಸೂಚಿ ಮಾಡುವ ಕೆಲಸ. ಅರಿವು ಕೇಂದ್ರಗಳೆಂದು ಈಗ ಕರೆಯುವ ಹಳ್ಳಿಯ ಗ್ರಂಥಾಲಯಗಳ ಪುಸ್ತಕದ ಪಟ್ಟಿ ಒಂದು ಇಲಾಖೆಯಲ್ಲಿ, ತಾಲ್ಲೂಕು ಮತ್ತು ಜಿಲ್ಲಾ ಗ್ರಂಥಾಲಯಗಳದು ಇನ್ನೊಂದರಲ್ಲಿ. ಎರಡೂ ಒಂದೇ ಕಡೆ ಕಾಣುವಂತಾದರೆ, ಪಕ್ಕದೂರಿನ ಬೀರುವಿನಲ್ಲಿರುವ ಪುಸ್ತಕಕ್ಕಾಗಿ ಯಾರೂ ಜಿಲ್ಲಾ ಕೇಂದ್ರದವರೆಗೆ ಬಸ್ಸು ಹತ್ತಬೇಕಾಗಿಲ್ಲ. ನನ್ನ ಜಾಗಕ್ಕೆ ಬಂದವರು ಮೊದಲು ಒಂದು ಹೋಬಳಿಯ ಪಟ್ಟಿಗಳನ್ನು ಕೂಡಿಸುತ್ತಿದ್ದಾರೆ. ಪುಸ್ತಕದ ಹೆಸರು, ಲೇಖಕರು, ಯಾವ ಊರಿನಲ್ಲಿದೆ, ಈ ಮೂರು ವಿವರ ಮಾತ್ರ ಸಾಕು, ಉಳಿದದ್ದನ್ನು ಆಮೇಲೆ ತುಂಬಿ ಎಂದು ಅವರಿಗೆ ಹೇಳಿದ್ದೇನೆ. ವಾರಕ್ಕೊಮ್ಮೆ ಹೋಗಿ ಕೂತು ಹೆಸರುಗಳನ್ನು ತಿದ್ದಿಕೊಡುತ್ತೇನೆ.