ಅಗಲಿದವರ ಬಟ್ಟೆಯಲ್ಲಿ ಕೌದಿ ಹೊಲಿಯುವ ಬಗೆ

ಉಡಲು ಬಾರದಷ್ಟು ಹಳತಾದ ಸೀರೆ, ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಹಾಸಿ ಕೈಯಿಂದ ಸಾಲುಸಾಲಾಗಿ ಹೊಲಿಯುವ ಹೊದಿಕೆಯಾದ ಕೌದಿಯ ಪದರವಾಗುವುದು ಉತ್ತರ ಕರ್ನಾಟಕದ ಮನೆಗಳಲ್ಲಿ ಬಹುಕಾಲದ ರೂಢಿ. ತೀರಿಕೊಂಡ ಅಜ್ಜಿಯ ಸೀರೆಗಳನ್ನೋ ತಂದೆಯ ಅಂಗಿಗಳನ್ನೋ ನೆನಪಿನ ಹೊದಿಕೆಯಾಗಿಸಲು ಬಯಸುವವರಲ್ಲಿ ಕೆಲವರು ಈಚೆಗೆ ವಿದೇಶಿ ಕ್ವಿಲ್ಟಿನ ಕ್ರಮವನ್ನು ಹಿಡಿಯುತ್ತಾರೆ. ಬಟ್ಟೆಯನ್ನು ಸಮಚೌಕಗಳಾಗಿ ಕತ್ತರಿಸಿ, ಅವುಗಳನ್ನು ಜೋಡಿಸಿ, ನಡುವೆ ಪಾಲಿಯೆಸ್ಟರಿನ ದಪ್ಪ ಹಾಸನ್ನಿಟ್ಟು ಯಂತ್ರದಲ್ಲಿ ಹೊಲಿಯುತ್ತಾರೆ. ಹೊಸ ಬಟ್ಟೆಗೆ ಅದು ಒಪ್ಪುತ್ತದೆ. ಇಪ್ಪತ್ತು ವರ್ಷ ಕಲ್ಲಿನ ಮೇಲೆ ಒಗೆಸಿಕೊಂಡ ಬಟ್ಟೆಗೆ ಕೌದಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಚೌಕಗಳ ಜೋಡಣೆಯಲ್ಲಿ ಎಳೆತವೆಲ್ಲ ಕೆಲವೇ ಹೊಲಿಗೆಗಳ ಮೇಲೆ ಬಿದ್ದು, ಸವೆದ ನೂಲು ಹೊಲಿಗೆಯ ಪಕ್ಕದಲ್ಲೇ ಸೀಳುತ್ತದೆ. ಕೌದಿಯಲ್ಲಾದರೆ ಒತ್ತೊತ್ತಾಗಿ ಸಾಗುವ ನೂರಾರು ಸಾಲುಗಳು ಆ ಭಾರವನ್ನು ಹಂಚಿಕೊಳ್ಳುತ್ತವೆ. ಅಲ್ಲದೆ ಬಟ್ಟೆಯನ್ನು ಹೆಚ್ಚು ಕತ್ತರಿಸಬೇಕಾಗಿಯೂ ಇಲ್ಲ.

ಕತ್ತರಿ ಹಿಡಿಯುವ ಮೊದಲು ಮನೆಯವರೊಡನೆ ಮಾತಾಡಬೇಕು. ಸತ್ತವರ ಬಟ್ಟೆಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದೆನ್ನುವ ಹಿರಿಯರು ಕೆಲವು ಮನೆಗಳಲ್ಲಿರುತ್ತಾರೆ. ಒಂದೆರಡು ಸೀರೆಗಳನ್ನು ಯಾರಿಗಾದರೂ ಕೊಡುವುದಾಗಿ ಮೊದಲೇ ಮಾತಾಗಿರಲೂಬಹುದು. ತಂಗಿಗೆ ತಿಳಿಸದೆ ತಾಯಿಯ ಸೀರೆಯನ್ನು ಕತ್ತರಿಸಿದರೆ ಆ ಮುನಿಸು ಕೌದಿಗಿಂತ ಹೆಚ್ಚು ಕಾಲ ಬಾಳುತ್ತದೆ. ಮಕ್ಕಳು ಮೂವರಿದ್ದರೆ ದೊಡ್ಡದೊಂದನ್ನು ಹೊಲಿಯುವ ಬದಲು ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದದ ಮೂರು ಸಣ್ಣ ಕೌದಿಗಳನ್ನು ಹೊಲಿದು, ಒಂದೇ ಸೀರೆಯ ಸೆರಗನ್ನು ಮೂರಕ್ಕೂ ಹಂಚುವುದು ಒಳ್ಳೆಯದು. ಮೊದಲ ಕೆಲವು ತಿಂಗಳು ಬಟ್ಟೆಗಳನ್ನು ಆಯ್ದಿಟ್ಟರೆ ಸಾಕು. ಕತ್ತರಿಸಿದ್ದನ್ನು ಮತ್ತೆ ಸೇರಿಸಲಾಗುವುದಿಲ್ಲ.

ಆಯುವಾಗ ಪ್ರತಿಯೊಂದು ಬಟ್ಟೆಯನ್ನೂ ಬಿಡಿಸಿ ಹರಡಿ, ಹಗಲ ಬೆಳಕಿನಲ್ಲಿ ಫೋಟೊ ತೆಗೆದುಕೊಳ್ಳಬೇಕು. ಎಲ್ಲರಿಗೂ ಅಗಲಿದವರನ್ನು ಕಣ್ಣಮುಂದೆ ತರುವಂಥ ಒಂದು ಬಟ್ಟೆಯನ್ನು ಇಡಿಯಾಗಿಯೇ ಉಳಿಸಿಕೊಳ್ಳಬೇಕು. ಇನ್ನೊಂದು ಮಾತು ಮುಖ್ಯವಾದದ್ದು: ಕೌದಿಗೆ ಹೋಗುವ ಬಟ್ಟೆಯನ್ನೆಲ್ಲ ಒಗೆಯಲೇಬೇಕು, ಒಗೆದ ಮೇಲೆ ಅವರ ಮೈಯ ವಾಸನೆ ಉಳಿಯುವುದಿಲ್ಲ. ನಾನು ಅಜ್ಜಿಯ ಸೀರೆಗಳನ್ನೆಲ್ಲ ಒಂದೇ ದಿನ ನೆನೆಹಾಕಿ, ಎಲೆ-ಅಡಿಕೆ ಮತ್ತು ಕೊಬ್ಬರಿ ಎಣ್ಣೆಯ ಆ ವಾಸನೆಯನ್ನು ನೀರಿಗೆ ಬಿಟ್ಟೆ. ಒಂದು ಕುಪ್ಪಸವನ್ನಾದರೂ ಒಗೆಯದೆ, ತೇವವಿಲ್ಲದಂತೆ ನೋಡಿಕೊಂಡು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಎತ್ತಿಡಿ.

ಒಗೆದು ಒಣಗಿಸಿದ ಮೇಲೆ ಬಟ್ಟೆಯ ಬಲವನ್ನು ಪರೀಕ್ಷಿಸಬೇಕು. ಕಿಟಕಿಯ ಬೆಳಕಿಗೆ ಹಿಡಿದರೆ ನೂಲು ತೆಳುವಾದ ಜಾಗಗಳು ಕಾಣುತ್ತವೆ. ಎರಡು ಹೆಬ್ಬೆರಳುಗಳಿಂದ ಉದ್ದಕ್ಕೂ ಅಡ್ಡಕ್ಕೂ ಮೆಲ್ಲನೆ ಎಳೆದಾಗ ಚರ್ರೆಂದು ಸೀಳಿದರೆ ಆ ಭಾಗ ಮೇಲುಪದರಕ್ಕೆ ಬೇಡ, ಒಳಗೆ ಹೋಗಲಿ. ಬಣ್ಣ ಬಿಡುತ್ತದೆಯೇ ಎಂದು ತಿಳಿಯಲು ಬಿಳಿಯ ಅರಿವೆಯನ್ನು ಒದ್ದೆಮಾಡಿ ಬಟ್ಟೆಯ ಮೂಲೆಗೆ ಉಜ್ಜಿ ನೋಡಬೇಕು. ಕಲೆ ಬಿದ್ದರೆ ನೀರು ತಿಳಿಯಾಗುವವರೆಗೆ ಬೇರೆಯಾಗಿ ಒಗೆಯಬೇಕು, ಆಮೇಲೂ ಬಿಡುತ್ತಿದ್ದರೆ ಅದನ್ನು ಕೈಬಿಡುವುದೇ ಲೇಸು. ಹತ್ತಿಯ ಸೀರೆ, ದೋತರ, ರುಮಾಲು, ಹತ್ತಿಯ ಅಂಗಿ ಇವು ಕೌದಿಗೆ ಹೇಳಿಮಾಡಿಸಿದ ಬಟ್ಟೆಗಳು. ಜರಿಯ ಹಳೆಯ ರೇಷ್ಮೆ ಸೀರೆ ಹಲವು ವೇಳೆ ಮಡಿಕೆಯ ಗೆರೆಯಲ್ಲೇ ಹರಿದಿರುತ್ತದೆ. ಅದನ್ನು ದಿನನಿತ್ಯದ ಹೊದಿಕೆಗೆ ಸೇರಿಸದೆ, ಗೋಡೆಗೆ ತೂಗುಹಾಕುವ ಸಣ್ಣ ತುಂಡಿಗೆ ಬಳಸಬೇಕು. ಹಿಗ್ಗುವ ಬನಿಯನ್ ಬಟ್ಟೆಯನ್ನು ಸೇರಿಸಲೇಬೇಕೆಂದಿದ್ದರೆ, ಅಂಗಿಯ ಕಾಲರಿಗೆ ಹಾಕುವ, ಇಸ್ತ್ರಿಯ ಬಿಸಿಗೆ ಅಂಟಿಕೊಳ್ಳುವ ತೆಳು ಕ್ಯಾನ್ವಾಸನ್ನು ಅದರ ಬೆನ್ನಿಗೆ ಹಚ್ಚಿದರೆ ಅದು ನಿಲ್ಲುತ್ತದೆ.

ಒಬ್ಬರು ಹೊದೆಯುವ ಕೌದಿಗೆ 60 ಅಂಗುಲ ಅಗಲ, 84 ಅಂಗುಲ ಉದ್ದ ಸಾಕು. ಸೀರೆಯ ಅಗಲ ಸಾಮಾನ್ಯವಾಗಿ 45 ಅಂಗುಲದ ಆಸುಪಾಸಿನಲ್ಲಿರುವುದರಿಂದ ಒಂದೇ ಪಾಟು, ಅಂದರೆ ಸೀರೆಯ ಪೂರ್ಣ ಅಗಲದ ಒಂದೇ ತುಂಡು, ಸಾಲುವುದಿಲ್ಲ. ಐದೂವರೆ ಮೀಟರಿನ ಸೀರೆಯಿಂದ 84 ಅಂಗುಲದ, ಅಂದರೆ ಸುಮಾರು 2.13 ಮೀಟರಿನ ಎರಡು ಪಾಟುಗಳನ್ನು ತೆಗೆದು, ಉದ್ದದ ಅಂಚುಗಳನ್ನು ಒಂದಕ್ಕೊಂದು ಜೋಡಿಸಿದರೆ ಸುಮಾರು 89 ಅಂಗುಲ ಅಗಲ ಬರುತ್ತದೆ. ಅದರಲ್ಲಿ 60 ಅಂಗುಲವನ್ನು ಬಳಸಿ ಉಳಿದ ಪಟ್ಟಿಯನ್ನು ಎತ್ತಿಡಬೇಕು. ಕೆಳಪದರಕ್ಕೆ ಹೀಗೊಂದು ಗಟ್ಟಿ ಸೀರೆ, ಮೇಲುಪದರಕ್ಕೆ ಅವರು ಹೆಚ್ಚಾಗಿ ಉಟ್ಟ ಸೀರೆ, ನಡುವೆ ಎರಡು ಮೂರು ಪದರ ಹಳೆಯ ದೋತರ ಅಥವಾ ಸವೆದ ಸೀರೆ. ಐದು ಪದರಗಳನ್ನು ಮೀರಿದರೆ ಸೂಜಿ ದಾಟಿಸುವುದೇ ಕಷ್ಟವಾಗುತ್ತದೆ.

ಮೇಲುಪದರದ ಮೇಲೆ ಕೂರುವ ತೇಪೆಗಳಲ್ಲಿ ಕೌದಿಯ ಜೀವವಿದೆ. ಇಲ್ಲಿ ಅವಸರ ಕೂಡದು. ಅಂಗಿಯೆಂದರೆ ಬರೀ ಬಟ್ಟೆಯೆಂದು ಬೆನ್ನಭಾಗವನ್ನಷ್ಟೇ ಕತ್ತರಿಸಿ ಉಳಿದದ್ದನ್ನು ಎಸೆಯುವವರಿದ್ದಾರೆ. ಆದರೆ ಪೆನ್ನಿನ ಶಾಯಿ ಹಿಡಿದ ಜೇಬು, ಗುಂಡಿಗಳ ಪಟ್ಟಿ, ಮೊಣಕೈಯ ಹತ್ತಿರ ಅವರೇ ಹಾಕಿಕೊಂಡಿದ್ದ ಒರಟು ಹೊಲಿಗೆ, ದೋಬಿಯ ಗುರುತು, ಇವುಗಳಲ್ಲೇ ಆ ಮನುಷ್ಯರ ಗುರುತೂ ಇರುತ್ತದೆ. ಜೇಬನ್ನು ಬಿಚ್ಚದೆ, ಸುತ್ತ ಒಂದಂಗುಲ ಬಟ್ಟೆಯನ್ನು ಬಿಟ್ಟು ಹಾಗೆಯೇ ಕತ್ತರಿಸಿಕೊಳ್ಳಬೇಕು. ಮೊಮ್ಮಕ್ಕಳು ಅದರಲ್ಲಿ ಕೈತೂರಿಸುತ್ತಾರೆ. ಇಳಕಲ್ ಸೀರೆಯಾದರೆ ಒಡಲೂ ಸೆರಗೂ ಕೊಂಡಿಯಿಂದ, ಎಂದರೆ ಎಳೆಗೆ ಎಳೆಯನ್ನು ಕುಣಿಕೆಯಾಗಿ ಸಿಕ್ಕಿಸಿ, ಸೇರಿರುತ್ತವೆ. ಆ ಸೇರುವೆಯ ಎರಡೂ ಕಡೆ ನಾಲ್ಕು ಬೆರಳಷ್ಟು ಬಟ್ಟೆಯನ್ನು ಬಿಟ್ಟು ಕತ್ತರಿಸಿದರೆ ಎಳೆ ಬಿಚ್ಚಿಕೊಳ್ಳುವುದಿಲ್ಲ, ತೋಪು ತೆನೆ ಎಂಬ ಸೆರಗಿನ ವಿನ್ಯಾಸವೂ ಪೂರ್ತಿಯಾಗಿ ಕಾಣುತ್ತದೆ. ಗುಳೇದಗುಡ್ಡದ ಖಣದ ಕುಪ್ಪಸವಿದ್ದರೆ ತೋಳಿನ ಹೊಲಿಗೆಯನ್ನು ಬಿಚ್ಚಿ ಇಸ್ತ್ರಿ ಮಾಡಿ, ನಡುವಿನ ತೇಪೆಯಾಗಿ ಕೂರಿಸಬಹುದು. ತೇಪೆಯ ಅಂಚನ್ನು ಕಾಲಂಗುಲ ಒಳಕ್ಕೆ ಮಡಿಚಲೇಬೇಕು, ಇಲ್ಲವಾದರೆ ಮೂರನೆಯ ಒಗೆತಕ್ಕೆ ನೂಲು ಎದ್ದು ನಿಲ್ಲುತ್ತದೆ. ಕೈ ಹೆಚ್ಚು ಸೋಕುವ ತಲೆಬದಿಗೂ ಅಂಚುಗಳಿಗೂ ಗಟ್ಟಿ ಬಟ್ಟೆ, ನಾಜೂಕಾದದ್ದು ನಡುವಿಗೆ.

ಪದರಗಳನ್ನು ಹಾಸುವುದಕ್ಕೆ ಗುಡಿಸಿ ಒರೆಸಿದ ನೆಲವೇ ಸರಿ. ಮಂಚದ ಮೇಲೆ ಹಾಸಿದರೆ ನಡುವೆ ತಗ್ಗಾಗಿ ಸುಕ್ಕು ಕಟ್ಟುತ್ತದೆ. ಕೆಳಪದರದ ನಾಲ್ಕು ಮೂಲೆಗಳ ಮೇಲೆ ಭಾರವಿಟ್ಟು, ಒಂದೊಂದೇ ಪದರವನ್ನು ಹಾಸಿ, ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ನೀವಬೇಕು. ಅನಂತರ ಗೇಣಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಕಚ್ಚಾ ಹೊಲಿಗೆ ಹಾಕಿದರೆ ಕೊನೆಯವರೆಗೂ ಪದರ ಜಾರುವುದಿಲ್ಲ. ಬೇಸರದ ಕೆಲಸವೆಂದು ಇದನ್ನು ಬಿಟ್ಟವರ ಕೌದಿ ಒಂದು ಮೂಲೆಯಲ್ಲಿ ಗಂಟುಗಂಟಾಗಿರುವುದನ್ನು ನೋಡಿದ್ದೇನೆ.

ಹೊಲಿಗೆಗೆ ಬೇಕಾದುದು ದಪ್ಪ ಹತ್ತಿಯ ದಾರ ಮತ್ತು ಉದ್ದನೆಯ ಗಟ್ಟಿ ಸೂಜಿ. ಗೋಣಿ ಹೊಲಿಯುವ ದಬ್ಬಣ ಬೇಡ, ಅದು ಹಳೆಯ ನೂಲನ್ನು ಕಡಿಯುತ್ತದೆ. ನೈಲಾನಿನ ದಾರವೂ ಬೇಡ, ಬಟ್ಟೆಗಿಂತ ದಾರ ಬಲವಾದರೆ ದಾರವೇ ಬಟ್ಟೆಯನ್ನು ಕೊಯ್ಯುತ್ತದೆ. ಸಾಲಿನಿಂದ ಸಾಲಿಗೆ ಅರ್ಧ ಅಂಗುಲ ಅಂತರವಿಟ್ಟರೆ ಮೇಲೆ ಹೇಳಿದ ಅಳತೆಗೆ 120 ಸಾಲುಗಳಾಗುತ್ತವೆ; ಒಟ್ಟು ಹೊಲಿಗೆಯ ಉದ್ದ ಸುಮಾರು 256 ಮೀಟರ್. ಒಂದೇ ಬಣ್ಣದ ದಾರ 400 ಮೀಟರ್ ತಂದಿಟ್ಟುಕೊಳ್ಳುವುದು ಕ್ಷೇಮ. ಹೊಸಬರಿಗೆ ಮೀಟರಿಗೆ ಹತ್ತು ನಿಮಿಷ ಹಿಡಿದೀತು, ಎಂದರೆ ಹೆಚ್ಚುಕಡಿಮೆ 43 ಗಂಟೆಗಳ ಕೆಲಸ. ದಿನಕ್ಕೆ ಒಂದು ತಾಸು ಕೂತರೆ ಒಂದೂವರೆ ತಿಂಗಳು.

ಸಾಲುಗಳನ್ನು ಉದ್ದಕ್ಕೆ ನೇರವಾಗಿಯೂ ಹಾಕಬಹುದು, ಅಂಚಿನಿಂದ ಸುತ್ತುತ್ತ ನಡುವಿಗೆ ಬರುವಂತೆಯೂ ಹಾಕಬಹುದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಭಾಗದ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕವಂದಿ ಎಂಬ ತಮ್ಮ ಕೌದಿಯನ್ನು ಎರಡನೆಯ ಬಗೆಯಲ್ಲಿ ಹೊಲಿಯುತ್ತಾರೆ. ಮೂಲೆಯೊಂದರಿಂದ ಹಿಡಿದು, ತುಂಡುಗಳನ್ನು ಇಡುತ್ತ ಹೊಲಿಯುತ್ತ ಸುತ್ತುಸುತ್ತಾಗಿ ನಡುವನ್ನು ಸೇರುತ್ತಾರೆ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಚಿ ಕೂರಿಸುವ ಹೂವಿಗೆ ಅವರು ಫೂಲ ಎನ್ನುತ್ತಾರೆ. ಕವಂದಿಯ ಹೊಟ್ಟೆ ತುಂಬಿರಲಿ ಎಂದು ಕೆಲವರು ನಾಲ್ಕು ಅಕ್ಕಿಕಾಳುಗಳನ್ನು ಒಳಗೆ ಇಟ್ಟು ಹೊಲಿಯುವುದೂ ಉಂಟು. ತೇಪೆ ಹೆಚ್ಚಾಗಿದ್ದರೆ ಈ ಸುತ್ತುಹೊಲಿಗೆಯೇ ಅನುಕೂಲ, ಏಕೆಂದರೆ ಪ್ರತಿ ತೇಪೆಯ ಅಂಚೂ ಯಾವುದಾದರೊಂದು ಸಾಲಿಗೆ ಸಿಕ್ಕಿಬೀಳುತ್ತದೆ. ಸೀರೆ ಇಡಿಯಾಗಿದ್ದರೆ ನೇರ ಸಾಲು ಚೆಂದ.

ಸ್ವತಃ ಹೊಲಿಯಲಾಗದವರು ಕೌದಿ ಹೊಲಿಯುವ ಹೆಂಗಸರಿಗೆ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ತೇಪೆಗಳ ಜಾಗವನ್ನು ತಾವೇ ಗೊತ್ತುಮಾಡಿ, ಕಚ್ಚಾ ಹೊಲಿಗೆ ಹಾಕಿಯೇ ಕೊಡಬೇಕು, ಕಲೆಯಿರುವ ಜೇಬನ್ನು ಯಾಕೆ ಉಳಿಸಲಾಗಿದೆ ಎಂಬುದನ್ನೂ ಹೇಳಬೇಕು. ಹೇಳದಿದ್ದರೆ ಅವರು ಸಹಜವಾಗಿಯೇ ಅದನ್ನು ತೆಗೆದು ಚೊಕ್ಕ ತುಂಡನ್ನು ಕೂರಿಸುತ್ತಾರೆ. ಕೊನೆಗೆ ಹಿಂಬದಿಯ ಮೂಲೆಯಲ್ಲಿ ಅಗಲಿದವರ ಹೆಸರನ್ನೂ ಹೊಲಿದು ಮುಗಿಸಿದ ವರ್ಷವನ್ನೂ ದಾರದಲ್ಲಿ ಬರೆಯಬಹುದು.

ಒಗೆಯುವಾಗ ತಣ್ಣೀರು, ಸ್ವಲ್ಪವೇ ಸಾಬೂನು. ಕಲ್ಲಿಗೆ ಬಡಿಯಬಾರದು, ಯಂತ್ರಕ್ಕೂ ಹಾಕಬಾರದು. ಒದ್ದೆ ಕೌದಿ ಬಹಳ ಭಾರವಾಗುವುದರಿಂದ ಹಗ್ಗದ ಮೇಲೆ ಇಳಿಬಿಟ್ಟರೆ ಹೊಲಿಗೆ ಜಗ್ಗುತ್ತದೆ. ನೆರಳಿನಲ್ಲಿ ಚಾಪೆಯ ಮೇಲೆ ಹರಡಿ, ಮಗುಚಿ ಹಾಕುತ್ತ ಒಣಗಿಸಬೇಕು. ಮಳೆಗಾಲ ಮುಗಿದೊಡನೆ ಒಮ್ಮೆ ಗಾಳಿಗೆ ಹರಡಿ, ಮಡಿಕೆಯ ಜಾಗವನ್ನು ಬದಲಿಸಿ, ಒಣಗಿದ ಬೇವಿನೆಲೆಯೊಂದಿಗೆ ಇಡಬೇಕು. ಎತ್ತಿಟ್ಟಿದ್ದ ಸೀರೆಯ ಪಟ್ಟಿಯೂ ಅದರ ಜೊತೆಗೇ ಇರಲಿ: ಕೌದಿ ಎಲ್ಲಾದರೂ ಹರಿದಾಗ ತೇಪೆಗೆ ಅದೇ ಸೀರೆ ಸಿಗುತ್ತದೆ.